ಆರಿಸಿದರೂ ಆರದ ವಿದ್ಯುತ್ತು



ವೈದ್ಯರಾದ ನಮ್ಮನ್ನು ಎಪ್ಪಿಂಗ್‌ನ ಈ ಸಭೆಗೆ ಕರೆದಾಗ ರಕ್ತದೊತ್ತಡದ ಉಪನ್ಯಾಸವನ್ನು ನೀವು ನಿರೀಕ್ಷಿಸಿದ್ದಿರಬಹುದು. ನಾವು ಆಯ್ದುಕೊಂಡಿರುವುದು ಮನೆಯ ವಿದ್ಯುತ್ತಿನ ಒಂದು ಸಣ್ಣ ಇತಿಹಾಸವನ್ನು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಆದರೂ ನಮ್ಮ ಬಾಲ್ಯದ ಮನೆಗಳಲ್ಲಿ ಅದು ಜೋಪಾನವಾಗಿ ಬಳಸಬೇಕಾದ ವಸ್ತುವೇ ಆಗಿತ್ತು. ಕೋಣೆಯಿಂದ ಹೊರಡುವಾಗ ಗೋಡೆಯ ಸ್ವಿಚ್ಚನ್ನು ಆರಿಸುವುದು ಹಿರಿಯರು ಕಲಿಸಿದ ಸಂಸ್ಕಾರ. ಸ್ವಿಚ್ಚು ಆರಿತೆಂದರೆ ವಿದ್ಯುತ್ತು ನಿಂತಿತೆಂದೇ ಅರ್ಥ.

ರಿಮೋಟ್ ಬಂದ ಮೇಲೆ ಆ ಅರ್ಥ ಕೆಟ್ಟಿತು. ಗುಂಡಿಯೊತ್ತಿದರೆ ಟಿ.ವಿ.ಯ ಪರದೆ ಕಪ್ಪಾಗುತ್ತದೆ. ಒಳಗಿನ ಯಂತ್ರ ಮಾತ್ರ ಮುಂದಿನ ಅಪ್ಪಣೆಗೆ ಕಾದಿರುತ್ತದೆ. ಮಲಗಿದ ದೇಹವೂ ಶಕ್ತಿಯನ್ನು ವ್ಯಯಿಸುತ್ತದೆ, ನಿಜ. ಆದರೆ ಅದು ಹೃದಯ, ಶ್ವಾಸಕೋಶ, ಮಿದುಳುಗಳನ್ನು ನಡೆಸುವುದಕ್ಕಾಗಿ. ಮಲಗಿದ ಟಿ.ವಿ.ಗೆ ಕಾಯುವುದರ ಹೊರತು ಬೇರೆ ಕೆಲಸವಿಲ್ಲ.

1990ರ ದಶಕದಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಅಲನ್ ಮೈಯರ್ ಮೊದಲಾದವರು ಈ ಸೋರಿಕೆಯನ್ನು ಅಳೆದು ತೋರಿಸಿದರು. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ಉಪಕರಣವೊಂದಕ್ಕೆ ಒಂದು ವ್ಯಾಟ್‌ನ ಮಿತಿಯನ್ನು ಮುಂದಿಟ್ಟಿತು. ಮರುವರ್ಷವೇ ಅದನ್ನು ರಾಷ್ಟ್ರೀಯ ಗುರಿಯಾಗಿ ಒಪ್ಪಿ ಮುಂಚೂಣಿಯಲ್ಲಿ ನಿಂತದ್ದು ನಾವು ನೆಲೆಸಿರುವ ಆಸ್ಟ್ರೇಲಿಯ. ಆ ಸಮಯದ ಸಮೀಕ್ಷೆಯೊಂದರಂತೆ ಇಲ್ಲಿನ ಮನೆಯೊಂದರಲ್ಲಿ ಸರಾಸರಿ ಸುಮಾರು 87 ವ್ಯಾಟ್ ಹೀಗೆ ಹಗಲಿರುಳೂ ಹರಿಯುತ್ತಿತ್ತು. ವರ್ಷಕ್ಕೆ ಲೆಕ್ಕಹಾಕಿದರೆ ಅದು 760 ಯೂನಿಟ್, ಮನೆಬಳಕೆಯ ಹತ್ತರಲ್ಲೊಂದು ಪಾಲಿಗೂ ಮಿಗಿಲು. ಅದರ ಬಹುಭಾಗ ಕಲ್ಲಿದ್ದಲನ್ನು ಸುಟ್ಟು ಪಡೆದದ್ದು.

ಯುರೋಪಿನ ಒಕ್ಕೂಟ 2008ರಲ್ಲಿ ಕಾನೂನನ್ನೇ ಮಾಡಿ, 2013ರಿಂದ ಮಿತಿಯನ್ನು ಅರ್ಧ ವ್ಯಾಟ್‌ಗೆ ಇಳಿಸಿತು. ಇಂದಿನ ಹೊಸ ಟಿ.ವಿ. ಹಳೆಯದರಷ್ಟು ಸೋರುವುದಿಲ್ಲ. ಆದರೆ ಮೋಡೆಮ್, ಗೇಮಿನ ಪೆಟ್ಟಿಗೆ, ಕರೆದರೆ ಓಗೊಡುವ ಸ್ಪೀಕರ್ ಎಂದು ಕಾಯುವವರ ಸಂಖ್ಯೆಯೇ ಬೆಳೆದಿದೆ.

ಹಲವು ವರ್ಷಗಳ ಹಿಂದೆ ಮೈಸೂರಿನಿಂದ ಬಂದಿದ್ದ ನಮ್ಮ ತಾಯಿಯವರು ರಾತ್ರಿ ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಿದ್ದರು. ರೆಕಾರ್ಡಿಗೆ ಇಟ್ಟಿದ್ದ ಕ್ರಿಕೆಟ್ ಪಂದ್ಯವೊಂದು ತಪ್ಪಿಹೋದಾಗ, "ಅಮ್ಮಾ, ಇದು ನಮ್ಮೂರಲ್ಲ" ಎಂದು ನಾವು ಗದರಿದೆವು. ಅವರು ಮತ್ತೆ ಆ ಸ್ವಿಚ್ಚುಗಳನ್ನು ಮುಟ್ಟಲಿಲ್ಲ. ಅಂಕಿಅಂಶಗಳನ್ನು ಓದಿದ ಮೇಲೆ ತಿಳಿಯಿತು, ತಪ್ಪಿದವರು ನಾವು. ಅದನ್ನು ಅವರಿಗೆ ಹೇಳಲು ಈಗ ಅವರಿಲ್ಲ.

ಫ್ರಿಜ್ಜನ್ನಾಗಲಿ, ಉಸಿರಾಟದ ಯಂತ್ರದಂಥ ವೈದ್ಯಕೀಯ ಉಪಕರಣಗಳನ್ನಾಗಲಿ ಮುಟ್ಟಬೇಡಿ. ಟಿ.ವಿ. ಮತ್ತು ಅದರ ಸಂಗಡಿಗರನ್ನು ಒಂದೇ ಬೋರ್ಡಿಗೆ ಸೇರಿಸಿ, ಮಲಗುವ ಮುನ್ನ ಆರಿಸಿರಿ. ಈ ನಾಡಿನ ಗೋಡೆಗಳಲ್ಲೂ ನಮ್ಮೂರಿನಂತೆಯೇ ಸ್ವಿಚ್ಚುಗಳಿವೆ. ಮಕ್ಕಳಿಗೆ ಅವುಗಳನ್ನು ತೋರಿಸೋಣ.