ಬೆತ್ತಕ್ಕೆ ಒಪ್ಪಿಗೆ ಕೊಟ್ಟವರು

ಜೂನ್ ಬಂತೆಂದರೆ ಬಂಗಾರಪೇಟೆಯ ನಮ್ಮ ಅಂಗಡಿಗೆ ಸ್ಲೇಟು, ಬಳಪ, ಮಗ್ಗಿ ಪುಸ್ತಕದ ಜೊತೆ ಬೆತ್ತದ ಕಟ್ಟೂ ಬಂದಿಳಿಯುತ್ತಿತ್ತು. ಒಣಗಿದರೆ ಸೀಳುತ್ತದೆಂದು ಅಪ್ಪ ಒಂದೊಂದಕ್ಕೂ ಎಣ್ಣೆಬಟ್ಟೆ ಸವರಿ ಮೂಲೆಗೆ ನಿಲ್ಲಿಸುತ್ತಿದ್ದರು. ಮೇಷ್ಟ್ರುಗಳು ಎರಡೂ ತುದಿ ಹಿಡಿದು ಬಗ್ಗಿಸಿ, ಗಾಳಿಯಲ್ಲಿ ಒಂದು ಸಲ ಬೀಸಿ, ಸದ್ದು ಒಪ್ಪಿಗೆಯಾದ ಮೇಲೆಯೇ ರೇಟು ಕೇಳುವರು. ರಸೀದಿಯಲ್ಲಿ ಮಾತ್ರ ಬೆತ್ತ ಅಂತ ಬರೆಸುತ್ತಿರಲಿಲ್ಲ. 'ಮ್ಯಾಪು ತೋರಿಸುವ ಕೋಲು, 2' ಎಂದಿರಬೇಕು.

ಕಾಸು ಕೊಟ್ಟು ಬೆತ್ತ ಕೊಳ್ಳುವುದು ಈಚಿನ ಮಾತು. ಹಿಂದೆ ಕೂಲಿಮಠದ ಐಗಳಿಗೆ ಹುಣಸೆ ಬರಲು ಸಾಕಿತ್ತು. ನಮ್ಮ ಸೀಮೆಯಲ್ಲಿ ಹುಣಸೆಗೇನು ಬರ! ಹಟಮಾರಿಗೆ ಕೋದಂಡ. ತೊಲೆಗೆ ಕಟ್ಟಿದ ಹಗ್ಗ ಹಿಡಿದು ಜೋತಾಡಬೇಕು, ಕೈಬಿಟ್ಟರೆ ಕೆಳಗೆ ಏಟು ಕಾದಿರುತ್ತಿತ್ತು.

ಬೆತ್ತಕ್ಕೆ ಒಪ್ಪಿಗೆ ಕೊಟ್ಟವರ ಕಥೆ ಗಣಿಯಿಂದ ಶುರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ (ಕಮಿಷನರ್ ಬೌರಿಂಗ್ ಸಾಹೇಬರ ಹೆಸರು ಆಗ ನಮ್ಮೂರಿಗಿತ್ತು) ಮಾರಿಕುಪ್ಪಂವರೆಗೆ ರೈಲು ಬಂತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಬಡವರು, ಅವರಲ್ಲಿ ಬಹುಪಾಲು ದಲಿತರು, ಗಣಿ ಕೂಲಿಗಳ ಲೈನುಗಳ ತಟ್ಟಿ ಮನೆಗಳಲ್ಲಿ ಸಂಸಾರ ಹೂಡಿದರು. ಮಗನನ್ನು ಶಾಲೆಗೆ ಸೇರಿಸುವಾಗ ಆ ಅಪ್ಪಂದಿರು ಹೇಳುತ್ತಿದ್ದ ಮಾತು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಒಂದೇ: "ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾರ್."

ಇದನ್ನು ಕ್ರೌರ್ಯ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗಿಳಿದು, ಬಂಡೆ ಸಿಡಿಯುವ ಸದ್ದಿಗೆ ಕಿವಿಗೊಟ್ಟು ದುಡಿದು, ಮೇಲೆ ಬಂದಾಗ ಚಿನ್ನ ಕದ್ದಿದ್ದಾನೆಯೇ ಎಂದು ಮೈಯೆಲ್ಲ ತಡಕಿಸಿಕೊಂಡವನಿಗೆ ಮಗನ ಬಗ್ಗೆ ಇದ್ದುದು ಒಂದೇ ಲೆಕ್ಕ: ಎಸ್ಸೆಸ್ಸೆಲ್ಸಿ ಪಾಸಾದರೆ ಆಫೀಸು, ಫೇಲಾದರೆ ಶಾಫ್ಟು. ಶಾಫ್ಟಿಗಿಂತ ಬೆತ್ತ ವಾಸಿ ಎನ್ನಿಸಿದರೆ ಏನು ಹೇಳುವುದು? ಮೇಷ್ಟ್ರುಗಳ ವಿಷಯ ಬೇರೆ. ಅಪ್ಪಂದಿರ ಶಾಫ್ಟಿನ ಭಯವನ್ನು ಅವರು ಪರವಾನಗಿ ಮಾಡಿಕೊಂಡರು. ಪೆಟ್ಟು ತಿಂದೂ ಲೆಕ್ಕ ಬಾರದ ಹುಡುಗ ಶಾಲೆ ಬಿಟ್ಟು ಅಪ್ಪನ ಹಿಂದೆಯೇ ಗಣಿಗೆ ಹೋದ.

ಆ ಒಪ್ಪಿಗೆಗೆ ಕಾನೂನಿನ ಆಸರೆಯೂ ಇತ್ತು. 1860ರ ದಂಡ ಸಂಹಿತೆಯ 89ನೇ ಕಲಮಿನಂತೆ, ಹನ್ನೆರಡರೊಳಗಿನ ಮಗುವಿನ ಒಳಿತಿಗೆಂದು ಪೋಷಕರ ಒಪ್ಪಿಗೆ ಪಡೆದು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ. ಹೊಡೆದ ಮೇಷ್ಟ್ರ ಪರ ವಕೀಲರು ಕೋರ್ಟಿನಲ್ಲಿ ಹಿಡಿಯುತ್ತಿದ್ದುದು ಇದನ್ನೇ. ಬ್ರಿಟನ್ನಿನಲ್ಲಿ ಬೆತ್ತಕ್ಕೆ ಕುತ್ತು ಬಂದದ್ದೂ ಪೋಷಕರಿಂದಲೇ, ಆದರೆ ಒಪ್ಪದವರಿಂದ. ನಮ್ಮ ಮಕ್ಕಳಿಗೆ ಹೊಡೆಯಕೂಡದು ಎಂದು ಪಟ್ಟು ಹಿಡಿದ ಸ್ಕಾಟ್ಲೆಂಡಿನ ಇಬ್ಬರು ತಾಯಂದಿರು 1982ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. 1987ಕ್ಕೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಂತಿತು. ಬೇಡ ಎನ್ನುವ ಧೈರ್ಯ ಲೈನಿನ ತಾಯಿಗೆ ಎಲ್ಲಿಂದ ಬರಬೇಕು? ಮೇಷ್ಟ್ರೆದುರು ಅವಳು ಕುರ್ಚಿಯ ಮೇಲೆ ಕೂತವಳೂ ಅಲ್ಲ.

2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಶಾಫ್ಟಿನ ಭಯ ಹೋಯಿತು, ಅಪ್ಪಂದಿರ ಮಾತು ಹೋಗಲಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ತನ್ನ 17ನೇ ಕಲಮಿನಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಪೋಷಕರು ಒಪ್ಪಿದರೆ ಹೊಡೆಯಬಹುದು ಎಂಬ ವಿನಾಯಿತಿ ಅಲ್ಲಿಲ್ಲ. ನಮ್ಮ ಅಂಗಡಿಯ ಬೆತ್ತದ ವ್ಯಾಪಾರ ಅಲ್ಲಿಗೆ ಮುಗಿಯಿತು, ನಷ್ಟವೇನಿಲ್ಲ.

ಬೆತ್ತ ಹೋದರೆ ಶಿಕ್ಷೆ ಹೋಯಿತೆಂದಲ್ಲ. 2023ರ ಡಿಸೆಂಬರಿನಲ್ಲಿ ಪಕ್ಕದ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಹೊರಬಂತು. ಬೆನ್ನಿಗೆ ಬ್ಯಾಗು ಹೊತ್ತು ಮಂಡಿಯೂರಿದ ಅದೇ ಶಾಲೆಯ ಮಕ್ಕಳ ವಿಡಿಯೊ ಊರೆಲ್ಲ ಓಡಾಡಿತು, ಪ್ರಾಂಶುಪಾಲರ ಬಂಧನವೂ ಆಯಿತು. ಇದಕ್ಕೆ ಯಾವ ಅಪ್ಪ ಒಪ್ಪಿಗೆ ಕೊಟ್ಟಿದ್ದ?

ಕಾನೂನಿನಲ್ಲೂ ಸಂದು ಉಳಿದಿದೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಮಗುವೆಂದರೆ ಆರರಿಂದ ಹದಿನಾಲ್ಕು ವರ್ಷದವರು. ಹದಿನೈದು ತುಂಬಿದ ಹತ್ತನೇ ತರಗತಿಯ ಹುಡುಗ ಅದರ ಹೊರಗೆ. ಇನ್ನು ಹಳೆಯ 89ನೇ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮಾಗಿ ಹಾಗೇ ಮುಂದುವರಿದಿದೆ. ಅದು ಶಾಲೆಗೆ ಅನ್ವಯಿಸದು ಎಂದು ಒಂದು ಸಾಲು ಸೇರಿಸುವ ಅವಕಾಶವಿತ್ತು, ಸಂಸತ್ತು ಸೇರಿಸಲಿಲ್ಲ.