ಗುರಿ ತೂಕ 74 ಕೆಜಿ: ಈ ನಂಬರ್ ಕೊಟ್ಟವರು ಯಾರ್ರೀ?

ಚಿಗರಿ ಬಸ್ಸಿನೊಳಗ ಜೋತುಬಿದ್ದು ಕೇಳಾಕತ್ತವ್ರಿಗೂ, ಉಣಕಲ್ ಕೆರಿ ದಂಡಿಗೆ ವಾಕಿಂಗ್ ಮಾಡ್ತಾ ಕೇಳಾಕತ್ತವ್ರಿಗೂ ಸ್ವಾಗತ. ಇವತ್ತಿನ ಎಪಿಸೋಡ್ ಇತಿಹಾಸದ್ದೇ, ಆದ್ರೆ ಶುರು ಆಗೋದು ನನ್ನ ಹೊಟ್ಟೆಯಿಂದ.

ಎರಡು ವರ್ಷದ ಹಿಂದೆ ನನ್ನ ತೂಕ 92 ಕೆಜಿ. ಎತ್ತರ 173 ಸೆಂಟಿಮೀಟರ್. ಗುರಿ ಅಂತ ಬರೆದಿಟ್ಟುಕೊಂಡಿದ್ದು 74. ಯಾಕೆ 74? ಬಿಎಂಐ ಲೆಕ್ಕದಲ್ಲಿ 25ರ ಕೆಳಗೆ ಬಂದ್ರೆ 'ನಾರ್ಮಲ್' ಅಂತ ಎಲ್ಲೋ ಓದಿದ್ದೆ. ನನ್ನ ಎತ್ತರಕ್ಕೆ 25 ಅಂದ್ರೆ ಹತ್ತಿರ ಹತ್ತಿರ 75 ಕೆಜಿ. ಒಂದು ಕೆಜಿ ಸೇಫ್ಟಿ ಇರಲಿ ಅಂತ 74. ಬಿ.ಕಾಂ ಮಾಡಿದವನಲ್ವಾ, ಟಾರ್ಗೆಟ್ ಅಂದ್ರೆ ಟಾರ್ಗೆಟ್.

ಹದಿನಾಲ್ಕು ತಿಂಗಳು ಹಿಡೀತು. ಸಂಜಿ ಮಿರ್ಚಿ-ಗಿರಮಿಟ್ ಬಿಟ್ಟೆ, ಚಹಾದಾಗಿನ ಸಕ್ಕರೆ ಬಿಟ್ಟೆ, ದಿನಾ ಬೆಳಗ್ಗೆ ನಡೆದೆ. ಒಂದು ಸೋಮವಾರ ಮಷಿನ್ ಮೇಲೆ ನಿಂತಾಗ 74.0 ಅಂತ ಬಂತು. ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಸಂತೋಷ ಎಷ್ಟು ಹೊತ್ತು ಇತ್ತು ಗೊತ್ತೇನ್ರಿ? ಸುಮಾರು ನಲವತ್ತು ನಿಮಿಷ.

ಆಮೇಲೆ ಫೋನಿನ ಆ್ಯಪ್‌ನಲ್ಲಿ ತೂಕ ಹಾಕಿದೆ. ಹಸಿರು ಬರಬೇಕಿತ್ತು, ಕಿತ್ತಳೆ ಬಣ್ಣ ಬಂತು. 'ಅಧಿಕ ತೂಕ'. ಸೆಟ್ಟಿಂಗ್ಸ್ ನೋಡಿದ್ರೆ ದೇಶ ಅಂತ ಇದ್ದಲ್ಲಿ ಇಂಡಿಯಾ ಅಂತ ಇತ್ತು. ಭಾರತೀಯರಿಗೆ ಗೆರೆ 25 ಅಲ್ಲ, 23 ಅಂತೆ. ಅಂದ್ರೆ ನನ್ನ ಎತ್ತರಕ್ಕೆ 68.8 ಕೆಜಿ. ಹದಿನಾಲ್ಕು ತಿಂಗಳು ಓಡಿ ರಿಬ್ಬನ್ ಮುಟ್ಟಿದೆ ಅನ್ನುವಷ್ಟರಲ್ಲಿ ಯಾರೋ ಅದನ್ನ ಎತ್ತಿ ಐದು ಕೆಜಿ ಆಚೆ ಇಟ್ಟಿದ್ರು.

ಅವತ್ತು ರಾತ್ರಿ ನನಗೆ ಬಂದ ಪ್ರಶ್ನೆ ಇದು: ಈ ಗೆರೆ ಎಳೆದವರು ಯಾರು?

ಮೊದಲು ನಮ್ಮ ಕಡೆಯಿಂದಲೇ ನೋಡೋಣ. ಹಂಪಿಗೆ ಹೋದವರು ವಿಠ್ಠಲ ದೇವಸ್ಥಾನದ ಹತ್ತಿರ ಎರಡು ಕಲ್ಲಿನ ಕಂಬ, ಮೇಲೊಂದು ಕಲ್ಲಿನ ತೊಲೆ ನೋಡಿರ್ತೀರಿ. ಅದನ್ನ ರಾಜರ ತುಲಾಭಾರ ಅಂತಾರೆ. ವಿಜಯನಗರದ ಅರಸರು ತಮ್ಮ ತೂಕದಷ್ಟು ಬಂಗಾರ ತೂಗಿಸಿ ದಾನ ಕೊಡುತ್ತಿದ್ದ ಜಾಗ ಅದು ಅಂತ ಹೇಳ್ತಾರೆ. ಅಲ್ಲಿ ಮೈತೂಕ ಅಂದ್ರೆ ದಾನದ ಅಳತೆ. ಅರಸ ದಪ್ಪ ಇದ್ದಷ್ಟೂ ತಗೊಳ್ಳೋರಿಗೆ ಲಾಭ.

ಇದು ಬರೀ ಹಳೇ ಕಥೆ ಅಲ್ಲ. 1946ರಲ್ಲಿ ಮುಂಬೈನಲ್ಲಿ ಆಗಾ ಖಾನ್ ಅವರನ್ನ ವಜ್ರಗಳಲ್ಲಿ ತೂಗಿದ್ರು. ಆಗ ನಮ್ಮ ಧಾರವಾಡ ಜಿಲ್ಲೆ ಕೂಡ ಮುಂಬೈ ಪ್ರಾಂತ್ಯದಾಗೇ ಇತ್ತು. ಅವರ ತೂಕ 243 ಪೌಂಡ್ ಚಿಲ್ಲರೆ, ಅಂದ್ರೆ 110 ಕೆಜಿ. ಜನ ಚಪ್ಪಾಳೆ ಹೊಡೆದ್ರು. 'ಸಾಹೇಬ್ರ, ಒಂದೀಟು ಇಳಿಸ್ರಿ' ಅನ್ನೋ ಪ್ರಶ್ನೆನೇ ಇರಲಿಲ್ಲ. ಇವತ್ತಿಗೂ ನಮ್ಮ ಕಡೆ ಸ್ವಾಮಿಗಳಿಗೆ, ರಾಜಕಾರಣಿಗಳಿಗೆ ನಾಣ್ಯದಿಂದ, ಬೆಲ್ಲದಿಂದ ತುಲಾಭಾರ ಮಾಡ್ತಾರಲ್ಲ, ಅಲ್ಲಿ ಯಾರಾದ್ರೂ ಬಿಎಂಐ ಕೇಳ್ತಾರೇನ್ರಿ?

ಸಾಮಾನ್ಯ ಜನರ ಕಥೆ ಬೇರೆ. ನಮ್ಮಜ್ಜ ಹುಬ್ಬಳ್ಳಿ ಹತ್ತಿ ಪ್ಯಾಟಿಯೊಳಗ ಕೆಲಸ ಮಾಡಿದವರು. ಹತ್ತಿ ಚೀಲ ನೋಡಿದ ಕೂಡ್ಲೆ ತೂಕ ಹೇಳೋರು. ತಮ್ಮ ತೂಕ ಎಷ್ಟು ಅಂತ ಮಾತ್ರ ಅವರಿಗೆ ಗೊತ್ತೇ ಇರಲಿಲ್ಲ, ಬೇಕಾಗೂ ಇರಲಿಲ್ಲ. ಮಣ, ಸೇರು ಹೋಗಿ ಕೆಜಿ ಬಂದಿದ್ದೇ 1958ರ ಅಕ್ಟೋಬರ್‌ನಿಂದ, ಅದೂ ಹಂತ ಹಂತವಾಗಿ. ಮೈತೂಕ ಅನ್ನೋದು ನಮ್ಮಂಥ ಮನೆಗಳಿಗೆ ತಲುಪಿದ್ದು ಆಸ್ಪತ್ರೆ ಮೂಲಕ, ಆಮೇಲೆ ರೈಲ್ವೆ ಸ್ಟೇಷನ್ ಮೂಲಕ. ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಬಣ್ಣಬಣ್ಣದ ಲೈಟ್ ಮಿಣುಕುವ ತೂಕದ ಮಷಿನ್ ಮೇಲೆ ಚಿಕ್ಕವನಿದ್ದಾಗ ನಾನೂ ನಿಂತಿದ್ದೀನಿ. ನಾಣ್ಯ ಹಾಕಿದ್ರೆ ಚೀಟಿ ಬರ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಎಲ್ಲರೂ ಮೊದಲು ಓದ್ತಿದ್ದಿದ್ದು ಭವಿಷ್ಯ.

ಈಗ ನೂರು ವರ್ಷ ಹಿಂದಿನ ನಮ್ಮ ಊರಿಗೇ ಹೋಗೋಣ. ಆಗಿನ ಹುಡುಗರಿಗೆ ನಾಚಿಕೆ ಇದ್ದದ್ದು ದಪ್ಪ ಆಗಿದೀನಿ ಅಂತ ಅಲ್ಲ, ತೆಳ್ಳಗಿದೀನಿ ಅಂತ. ಹಿಂದೂಸ್ತಾನದವರು ಮೈಯಲ್ಲಿ ಕಸುವಿಲ್ಲದವರು ಅಂತ ಬ್ರಿಟಿಷರು ಹೇಳ್ಕೊಂಡು ಬಂದಿದ್ರು. ಅದಕ್ಕೆ ಉತ್ತರವಾಗಿ ವ್ಯಾಯಾಮಶಾಲೆಗಳು ಎದ್ದವು. ಧಾರವಾಡ ಸೀಮೆಯ ಡಾಕ್ಟರ್ ನಾ.ಸು. ಹರ್ಡೀಕರ್ 1923ರಲ್ಲಿ, ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ, ಹಿಂದುಸ್ತಾನಿ ಸೇವಾ ದಳ ಕಟ್ಟಿದ್ರು. ಅದರ ಕೇಂದ್ರ ನಮ್ಮ ಹುಬ್ಬಳ್ಳಿ. ಡ್ರಿಲ್, ಕವಾಯತು, ವ್ಯಾಯಾಮ, ಶಿಸ್ತು. ಇಲ್ಲಿ ಮೈ ಬೆಳೆಸೋದು ದೇಶದ ಕೆಲಸ. ಅತ್ತ ಗರಡಿ ಮನೆಗಳಲ್ಲಿ ಪೈಲವಾನರು ಕೆಮ್ಮಣ್ಣಿನಾಗ ಸಾಮು ಮಾಡ್ತಿದ್ರು, ಹಾಲು-ಬದಾಮಿ ತಿಂತಿದ್ರು. ಜಾತ್ರಿ ಕುಸ್ತಿಯಲ್ಲಿ ಜೋಡಿ ಹಾಕೋ ಹಿರಿಯರಿಗೆ ಮಷಿನ್ ಬೇಕಿರಲಿಲ್ಲ, ಕಣ್ಣಳತೆ ಸಾಕಿತ್ತು. ಬಿಎಂಐ ಲೆಕ್ಕ ಹಾಕಿದ್ರೆ ಆ ಪೈಲವಾನರಲ್ಲಿ ಎಷ್ಟು ಜನ ಕಿತ್ತಳೆ ಬಣ್ಣಕ್ಕೆ ಹೋಗ್ತಿದ್ರೋ!

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಒಬ್ಬರಿದ್ರು, ಕೆ.ವಿ. ಅಯ್ಯರ್. ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು, ಅಂಚೆಯಲ್ಲಿ ವ್ಯಾಯಾಮದ ಕೋರ್ಸ್ ಕಳಿಸಿದವರು. ಅದಕ್ಕೂ ಮೊದಲು, 1904-05ರಲ್ಲಿ, ಯುರೋಪಿನ ಪ್ರಸಿದ್ಧ ದೇಹದಾರ್ಢ್ಯಪಟು ಯೂಜೆನ್ ಸ್ಯಾಂಡೋ ಭಾರತ ಸುತ್ತಿ ಹೋಗಿದ್ದ. ಮೈಯನ್ನ ಗ್ರೀಕ್ ಶಿಲ್ಪದ ಹಾಗೆ ಅಳತೆ ಹಿಡಿದು ಕಟ್ಟಬಹುದು ಅನ್ನೋ ಹುಚ್ಚು ಆಮೇಲೆ ಜೋರಾಯ್ತು. ಅಯ್ಯರ್ 1930ರಲ್ಲಿ 'ಮಸಲ್ ಕಲ್ಟ್' ಅಂತ ಇಂಗ್ಲಿಷ್ ಪುಸ್ತಕ ತಂದ್ರು, ತಮ್ಮದೇ ಫೋಟೋಗಳ ಜೊತೆ. ತಮ್ಮ ಮೈ ಬಗ್ಗೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ, ದೇವರಿಗೂ ಆಸೆಯಾಗುವಂಥ ಮೈ ಅನ್ನೋ ಧಾಟಿಯಲ್ಲೇ ಹೇಳಿಕೊಂಡವರು. ಕರ್ನಾಟಕದಲ್ಲಿ 'ನನ್ನ ಮೈ ನನಗೆ ತೃಪ್ತಿ ಕೊಟ್ಟಿದೆ' ಅಂತ ಇಷ್ಟು ರಾಜಾರೋಷವಾಗಿ ಹೇಳಿದ ಇನ್ನೊಬ್ಬರು ನನಗಂತೂ ಸಿಕ್ಕಿಲ್ಲ.

ಆದ್ರೆ ಅದೇ ಅಯ್ಯರ್ ಆಮೇಲೆ ಕನ್ನಡದಲ್ಲಿ ಕಾದಂಬರಿ ಬರೆದ್ರು. 'ಶಾಂತಲಾ' ಬಹಳ ಜನಕ್ಕೆ ಗೊತ್ತು. ಇನ್ನೊಂದು 'ರೂಪದರ್ಶಿ'. ಅದರಲ್ಲಿ ಇಟಲಿಯ ಕಲಾವಿದನೊಬ್ಬ ಬಾಲಯೇಸುವಿನ ಚಿತ್ರಕ್ಕೆ ಒಬ್ಬ ಚೆಂದದ ಹುಡುಗನನ್ನ ಎದುರಿಗೆ ಕೂರಿಸ್ತಾನೆ. ವರ್ಷಗಳಾದ ಮೇಲೆ ದ್ರೋಹಿ ಯೂದನ ಚಿತ್ರಕ್ಕೆ ಹುಡುಕಿ ತಂದ ವಿಕಾರ ಮನುಷ್ಯ ಯಾರಂದ್ರೆ ಅದೇ ಹುಡುಗ. ಇನ್‌ಸ್ಟಾದಲ್ಲಿ ನಾವು ಹಾಕೋ ಬಿಫೋರ್-ಆಫ್ಟರ್ ಫೋಟೋ ಇದೆಯಲ್ಲ, ಅದರ ಉಲ್ಟಾ. ಮೈಯನ್ನೇ ಕಲೆ ಮಾಡಿಕೊಂಡ ಮನುಷ್ಯನಿಗೆ ಈ ಕಥೆ ಯಾಕೆ ಕಾಡ್ತು ಅಂತ ನಾನು ಆಗಾಗ ಯೋಚಿಸ್ತೀನಿ. ಯಾವ ರೂಪವೂ ಕಾಯಂ ಅಲ್ಲ ಅನ್ನೋದು ಅವರಿಗೆ ಗೊತ್ತಿತ್ತು ಅನಿಸುತ್ತೆ.

ಸರಿ, ನನ್ನ 25ರ ಗೆರೆಗೆ ಬರೋಣ. ತೂಕವನ್ನ ಎತ್ತರದ ವರ್ಗದಿಂದ ಭಾಗಿಸೋ ಲೆಕ್ಕ 1830ರ ದಶಕದ್ದು. ಕಂಡುಹಿಡಿದವನು ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ. ಅವನು ಡಾಕ್ಟರ್ ಅಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವನು. 'ಸರಾಸರಿ ಮನುಷ್ಯ' ಹೇಗಿರ್ತಾನೆ ಅಂತ ಹುಡುಕ್ತಿದ್ದ. ಯಾರು ದಪ್ಪ, ಯಾರು ರೋಗಿಷ್ಟ ಅನ್ನೋದು ಅವನ ಪ್ರಶ್ನೆಯೇ ಆಗಿರಲಿಲ್ಲ.

ಆಮೇಲೆ ಬಂದವರು ನಮ್ಮ ಕಾಮರ್ಸ್‌ನವರು. 1940ರ ದಶಕದಲ್ಲಿ ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಅನ್ನೋ ವಿಮಾ ಕಂಪನಿ 'ಆದರ್ಶ ತೂಕ'ದ ಪಟ್ಟಿ ಮಾಡ್ತು. ತನ್ನ ಪಾಲಿಸಿದಾರರಲ್ಲಿ ಯಾವ ತೂಕದವರು ಹೆಚ್ಚು ವರ್ಷ ಬದುಕ್ತಾರೆ ಅನ್ನೋದು ಅದಕ್ಕೆ ಬೇಕಿತ್ತು. ಬದುಕಿದ್ರೆ ಪ್ರೀಮಿಯಂ, ಸತ್ರೆ ಕ್ಲೇಮು. ಆ ಪಟ್ಟಿಯೇ ಡಾಕ್ಟರ್‌ಗಳ ಗೋಡೆಗೆ ಹೋಯ್ತು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ತಂಡ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕ ತೆಗೆದು, ಕ್ವೆಟ್ಲೆಯ ಸೂತ್ರವೇ ವಾಸಿ ಅಂತ ಹೇಳಿ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ರು. ಅಕ್ಕ-ತಂಗ್ಯಾರು ಗಮನಿಸ್ರಿ, ಆ ಲೆಕ್ಕದಲ್ಲಿ ಹೆಂಗಸರು ಇರಲೇ ಇಲ್ಲ.

ಇನ್ನು ಗೆರೆ. 1998ರ ಜೂನ್‌ವರೆಗೆ ಅಮೆರಿಕದಲ್ಲಿ ಗಂಡಸರಿಗೆ ಅಧಿಕ ತೂಕದ ಗೆರೆ 27.8, ಹೆಂಗಸರಿಗೆ 27.3. ಆ ತಿಂಗಳು ಅದನ್ನ ಇಬ್ಬರಿಗೂ 25ಕ್ಕೆ ಇಳಿಸಿದ್ರು. ಎರಡು ಕೋಟಿಗೂ ಹೆಚ್ಚು ಜನ ಒಂದು ಗ್ರಾಂ ಏರದೇ ರಾತ್ರೋರಾತ್ರಿ 'ಅಧಿಕ ತೂಕ'ದವರಾದ್ರು. ಹಳೇ ಗೆರೆಯಲ್ಲಿ ನನ್ನ ಎತ್ತರಕ್ಕೆ 83 ಕೆಜಿ ಇದ್ರೂ ನಡೀತಿತ್ತು!

ಹಾಗಾದ್ರೆ ಇದೆಲ್ಲ ಸುಳ್ಳಾ? ಅಲ್ಲ ರೀ. ಇಲ್ಲಿ ನಾನು ಜಾರಬಾರದು. ನಮಗೆ 23 ಅಂತ ಮಾಡಿದ್ದಕ್ಕೆ ಗಟ್ಟಿ ಕಾರಣ ಇದೆ. 2004ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಯುಡ್ಕಿನ್ ತಮ್ಮಿಬ್ಬರ ಫೋಟೋನೇ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ರು. ಇಬ್ಬರದೂ ಬಿಎಂಐ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮವರು ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು, ಅದೂ ಹೊಟ್ಟೆ ಸುತ್ತ. ಅದಕ್ಕೇ ಶುಗರ್ ಬೇಗ ಬರುತ್ತೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರು 23ರಿಂದಲೇ ಎಚ್ಚರ ಇರಬೇಕು ಅಂದ್ರು. 2009ರಲ್ಲಿ ಭಾರತದ ವೈದ್ಯರೂ 23 ದಾಟಿದ್ರೆ ಅಧಿಕ ತೂಕ, 25 ದಾಟಿದ್ರೆ ಬೊಜ್ಜು ಅಂತ ಒಪ್ಪಿದ್ರು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗ ಇನ್ನೂ ಒಂದು ಹೆಜ್ಜೆ ಹೋಗಿ, ಒಬ್ಬ ವ್ಯಕ್ತಿಗೆ ಬೊಜ್ಜಿದೆ ಅಂತ ಹೇಳೋಕೆ ಬರೀ ಬಿಎಂಐ ಸಾಲದು ಅಂತು.

ಇದೆಲ್ಲ ಈಗ ಓದಿ ಹೇಳ್ತಿದ್ದೀನಿ. ಅವತ್ತು ನನಗೇನೂ ಗೊತ್ತಿರಲಿಲ್ಲ. ಕಿತ್ತಳೆ ಬಣ್ಣ ನೋಡಿ 68ರ ಹಿಂದೆ ಬಿದ್ದೆ. ರಾತ್ರಿ ರೊಟ್ಟಿ ಬಿಟ್ಟೆ. ದಿನಕ್ಕೆ ಮೂರು ಸಲ ಮಷಿನ್ ಹತ್ತೋದು, ನೀರು ಕುಡಿಯೋ ಮೊದಲೊಮ್ಮೆ, ಆಮೇಲೊಮ್ಮೆ. 71ಕ್ಕೆ ಬಂದೆ. ಕನ್ನಡಿಯಲ್ಲಿ ಕಾಣ್ತಿದ್ದಿದ್ದು ಮಾತ್ರ ಅದೇ 92ರ ಹುಡುಗ. ಮದುವಿಗೆ ಹೋದ್ರೆ ಅತ್ತಿ ಕೇಳಿದ್ಲು, 'ಏನೋ, ಸಕ್ಕರಿ ಬ್ಯಾನಿ ಬಂತೇನೋ?' ನಮ್ಮವ್ವ ಏನೂ ಕೇಳಲಿಲ್ಲ. ರೊಟ್ಟಿ ಬಡಿಯೋದು ಮಾತ್ರ ನಿಲ್ಲಿಸಿದ್ಲು. 'ಯಾಕವ್ವ' ಅಂದ್ರೆ, 'ಯಾರಿಗೆ ಬಡೀಲೋ ತಮ್ಮಾ, ನೀ ಅಂತೂ ಉಣ್ಣಾಂಗಿಲ್ಲ' ಅಂದ್ಲು.

ಆ ಮಾತು ಹೊಟ್ಟೆಗೆ ನಾಟಿತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಣ್ಣೋರು ನಾವಿಬ್ಬರೇ.

ಒಂದು ದಿನ ನೃಪತುಂಗ ಬೆಟ್ಟ ಹತ್ತುವಾಗ ಕಣ್ಣಿಗೆ ಕತ್ತಲೆ ಬಂದು ಮೆಟ್ಟಿಲ ಮೇಲೇ ಕೂತೆ. 92 ಕೆಜಿ ಇದ್ದಾಗಲೂ ಹಾಗೆ ಆಗಿರಲಿಲ್ಲ. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದ್ರು, ಟೇಪ್ ಹಿಡಿದು ಸೊಂಟ ಅಳೆದ್ರು. 86. ಶುಗರ್, ಬಿಪಿ ಸರಿ ಇದ್ವು. 'ಇನ್ನ ಇಳಿಸೋದು ಸಾಕು, ಸರಿಯಾಗಿ ಉಣ್ರಿ, ನಡಿಯೋದು ಬಿಡಬ್ಯಾಡ್ರಿ' ಅಂದ್ರು.

ನಾನು ಬಿ.ಕಾಂನಲ್ಲಿ ಕಲಿತದ್ದು ಒಂದು ಮಾತಿದೆ. ಬ್ಯಾಲೆನ್ಸ್ ಶೀಟ್ ಅಂದ್ರೆ ಒಂದು ದಿನದ ಲೆಕ್ಕ, ಮಾರ್ಚ್ 31ರದು. ಅದನ್ನಷ್ಟೇ ನೋಡಿ ಅಂಗಡಿ ಹೆಂಗ ನಡೆದೈತಿ ಅಂತ ಹೇಳೋಕೆ ಬರಲ್ಲ. ನಾನು ಮೈಯನ್ನ ದಿನಕ್ಕೆ ಮೂರು ಸಲ ಆಡಿಟ್ ಮಾಡ್ತಿದ್ದೆ, ಅಂಗಡಿ ನಡೆಸೋದನ್ನ ಮರೆತಿದ್ದೆ.

ಈಗ ನನ್ನ ತೂಕ 73ರ ಆಸುಪಾಸು. ಆ್ಯಪ್‌ನಲ್ಲಿ ಇನ್ನೂ ಕಿತ್ತಳೆ ಬಣ್ಣವೇ ಇದೆ. ತಿಂಗಳಿಗೊಮ್ಮೆ ಮಷಿನ್ ಹತ್ತುತ್ತೀನಿ, ಸೊಂಟ ಅಳೀತೀನಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಪೂರ್ತಿ ತೃಪ್ತಿ ಬಂತಾ ಅಂತ ಕೇಳಿದ್ರೆ, ಕೆಲವು ದಿನ ಬರುತ್ತೆ, ಕೆಲವು ದಿನ ಶರ್ಟ್ ಹಾಕುವಾಗ ಮತ್ತೆ ಕನ್ನಡಿ ಕಡೆ ಪಕ್ಕಕ್ಕೆ ತಿರುಗ್ತೀನಿ. ಆದ್ರೆ ಆ ಗೆರೆ ಎಳೆದವರಲ್ಲಿ ಯಾರೂ ನನ್ನನ್ನ ನೋಡಿರಲಿಲ್ಲ ಅನ್ನೋದು ಈಗ ಗೊತ್ತು. ಕ್ವೆಟ್ಲೆಗೆ ಸರಾಸರಿ ಬೇಕಿತ್ತು, ವಿಮಾ ಕಂಪನಿಗೆ ಲಾಭ ಬೇಕಿತ್ತು, ಸೇವಾ ದಳಕ್ಕೆ ಸೈನಿಕ ಬೇಕಿತ್ತು. ನನಗೆ ಏನು ಬೇಕು ಅನ್ನೋದನ್ನ ನಾನೇ ಹೇಳಬೇಕಿತ್ತು, ಹೇಳಿರಲಿಲ್ಲ.

ಹೋದ ಭಾನುವಾರ ಎಲ್ಲೂ ನಿಲ್ಲದೇ ನೃಪತುಂಗ ಬೆಟ್ಟ ಹತ್ತಿದೆ. ಮೇಲೆ ನಿಂತು ಉಣಕಲ್ ಕೆರೆ ನೋಡ್ದೆ. ಫೋಟೋ ತೆಗೀಲಿಲ್ಲ. ಮನೆಗೆ ಬಂದಾಗ ಅಡಿಗಿ ಮನಿಯಿಂದ ರೊಟ್ಟಿ ಬಡಿಯೋ ಸಪ್ಪಳ ಬರ್ತಿತ್ತು. ಬದನಿಕಾಯಿ ಎಣಗಾಯಿ ಜೊತಿ ಎರಡು ರೊಟ್ಟಿ ಉಂಡೆ. ಮೂರನೇದು ಬೇಕಾ ಅಂತ ಅವ್ವ ಕೇಳಿದ್ಲು. ಬ್ಯಾಡ ಅಂದೆ, ಹೊಟ್ಟಿ ತುಂಬಿತ್ತು ಅಂತ.

ನಿಮ್ಮ ನಂಬರ್ ಯಾವುದು, ಅದು ಯಾರು ಕೊಟ್ಟಿದ್ದು ಅಂತ ಒಂದು ಸಲ ಕೇಳ್ಕೊಳ್ರಿ. ತಲೆ ಸುತ್ತು ಬರ್ತಿದ್ರೆ, ಊಟ ಕಂಡ್ರೆ ಹೆದರಿಕೆ ಆಗ್ತಿದ್ರೆ ಡಾಕ್ಟರ್ ಹತ್ರ ಹೋಗ್ರಿ, ನಾಚ್ಕೋಬ್ಯಾಡ್ರಿ. ಮುಂದಿನ ವಾರ ಮತ್ತ ಸಿಗೋಣ. ಬರ್ತೀನ್ರಿ, ನಮಸ್ಕಾರ.