ಎರಡು ಟೆಸ್ಟ್, ಮೂರು ವಿಕೆಟ್: ಡೇವಿಡ್ ಜಾನ್ಸನ್ ಕ್ರೀಡಾಜೀವನದ ಮರುಪರಿಶೀಲನೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ತುಮಕೂರು ಜಿಲ್ಲೆಯ ಗಡಿಗೆ ನಿಲ್ಲದೆ ಹಾಸನದ ಅರಸೀಕೆರೆಯವರೆಗೂ ಹಬ್ಬಿದೆ. ವೇಗದ ಬೌಲರ್ ಡೇವಿಡ್ ಜಾನ್ಸನ್ (1971–2024) ಹುಟ್ಟಿದ್ದು ಈ ಅರಸೀಕೆರೆಯಲ್ಲಿ. ನಿಯಂತ್ರಣವಿಲ್ಲದ ವೇಗ ಅವರನ್ನು ಕೆಡಿಸಿತು ಎಂಬುದು ರೂಢಿಯ ತೀರ್ಮಾನ. ಲಭ್ಯ ಪುರಾವೆ ಅದಕ್ಕೆ ಸಾಲದು ಎಂಬುದು ಈ ಲೇಖನದ ವಾದ.

1995–96ರ ರಣಜಿಯಲ್ಲಿ ಕೇರಳದ ವಿರುದ್ಧ 152 ರನ್ನಿಗೆ 10 ವಿಕೆಟ್ ಕಿತ್ತದ್ದು ಅವರನ್ನು ಆಯ್ಕೆಗಾರರ ಕಣ್ಣಿಗೆ ಬೀಳಿಸಿತು. ವೇಗಿ ಶ್ರೀನಾಥ್ ಗಾಯಗೊಂಡಿದ್ದರಿಂದ 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಸಿಕ್ಕಿತು. ಪಿಚ್ ಸ್ಪಿನ್ನರುಗಳದು, ಅಲ್ಲಿ ವೇಗಿಗೆ ಹೆಚ್ಚು ಕೆಲಸವಿರಲಿಲ್ಲ. ಸಿಕ್ಕ ಒಂದೇ ವಿಕೆಟ್ ಮೈಕಲ್ ಸ್ಲೇಟರ್. ಅದರಲ್ಲೂ ಸ್ಲಿಪ್‌ನಲ್ಲಿ ಜಿಗಿದು ಒಂಟಿ ಕೈಯಲ್ಲಿ ಹಿಡಿದ ಅಜರುದ್ದೀನ್ ಪಾಲೇ ಇಂದಿಗೂ ಜನರ ನೆನಪಿನಲ್ಲಿದೆ! ಅವರ ವೇಗ ಗಂಟೆಗೆ 157.8 ಕಿ.ಮೀ. ಇತ್ತೆಂಬ ಅಂಕಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. ಅದನ್ನು ಆಧಾರವಾಗಿ ಹಿಡಿಯಲು ನಾನು ಹಿಂಜರಿಯುತ್ತೇನೆ.

ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಡರ್ಬನ್. ಗಿಬ್ಸ್, ಮೆಕ್‌ಮಿಲನ್ ವಿಕೆಟ್‌ಗಳು ಜಾನ್ಸನ್‌ಗೆ ಬಂದವು. ಭಾರತ 100 ಮತ್ತು 66ಕ್ಕೆ ಕುಸಿದು 328 ರನ್ನುಗಳಿಂದ ಸೋತಿತು. ಮುಂದಿನ ಕೇಪ್‌ಟೌನ್ ಟೆಸ್ಟಿಗೆ ಇಳಿದವರು ಅವರದೇ ರಾಜ್ಯದ ದೊಡ್ಡ ಗಣೇಶ್. ಇಲ್ಲೇ ಪ್ರಶ್ನೆಯ ತಿರುಳಿದೆ: ಶ್ರೀನಾಥ್, ಪ್ರಸಾದ್, ಕುಂಬ್ಳೆ, ಜೋಶಿ, ಗಣೇಶ್ ಎಲ್ಲರೂ ಒಂದೇ ಕಾಲದಲ್ಲಿ ಬೌಲ್ ಮಾಡುತ್ತಿದ್ದ ಕರ್ನಾಟಕದಲ್ಲಿ ರಾಜ್ಯ ತಂಡದ ಚೆಂಡು ಕೈಗೆ ಸಿಗುವುದೇ ಸ್ಪರ್ಧೆಯಾಗಿತ್ತು.

ಇಂಥ ಕಿರು ಕ್ರೀಡಾಜೀವನವನ್ನು ಬೇರೆಡೆ ಹೇಗೆ ನೆನೆಯುತ್ತಾರೆ ನೋಡಿ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಔಟ್‌ಫೀಲ್ಡರ್ ಆರ್ಚಿಬಾಲ್ಡ್ ಗ್ರಹಾಂ 1905ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಪರವಾಗಿ ಒಂದೇ ಪಂದ್ಯದಲ್ಲಿ ಬಲ ಅಂಚಿನಲ್ಲಿ ನಿಂತರು. ಬ್ಯಾಟ್ ಹಿಡಿಯುವ ಸರದಿಯೇ ಬರಲಿಲ್ಲ. ಆಮೇಲೆ ಮಿನೆಸೋಟದ ಚಿಶೋಮ್‌ನಲ್ಲಿ ವೈದ್ಯರಾದರು. ಆ ಒಂದು ದಿನದ ಮೇಲೆ ಅಲ್ಲಿ ಕಾದಂಬರಿಯೂ ಚಲನಚಿತ್ರವೂ ಬಂದವು. ನಮ್ಮಲ್ಲಿ ಎರಡು ಟೆಸ್ಟ್ ಆಡಿದವರ ಬಗ್ಗೆ ಅಂಕಿಪಟ್ಟಿಯ ಆಚೆಗೆ ಬರಹ ಅಪರೂಪ.

ಜಾನ್ಸನ್ ಟೆಸ್ಟ್‌ಗಳಲ್ಲಿ ಎಸೆದದ್ದು 240 ಎಸೆತ, ಪಡೆದದ್ದು 3 ವಿಕೆಟ್. ಪ್ರಥಮ ದರ್ಜೆಯ 39 ಪಂದ್ಯಗಳಲ್ಲಿ ಪಡೆದದ್ದು 125. ಅವರನ್ನು ತೂಗಬೇಕಾದದ್ದು ಎರಡನೆಯ ಲೆಕ್ಕದಿಂದ.